ಕಾಯಕಕ್ಕೊಂದು ವರ್ಷದ ಲೆಕ್ಕ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಮಾತಿನ ಬರಹರೂಪ)



ಕಾಯಕ ಮತ್ತು ದಾಸೋಹದ ಬಗ್ಗೆ ಮಾತನಾಡಬೇಕೆಂದು ಅಪ್ಪಣೆಯಾಯಿತು. ಈ ವಿಷಯದ ಮೇಲೆ ಇದೇ ವೇದಿಕೆಯಲ್ಲಿ ದೊಡ್ಡ ದೊಡ್ಡ ವಿದ್ವಾಂಸರ ಮಾತು ಕೇಳಿದವರು ನೀವು. ನಾನು ರೊಟ್ಟಿ ಬಡಿದು ಮಾರುವವಳು. 11 ಜನ ಅಕ್ಕತಂಗಿಯರ ಜೊತೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಮಾಡಿ ಹುಬ್ಬಳ್ಳಿಯ ಅಂಗಡಿಗಳಿಗೆ, ಬೆಂಗಳೂರು ಮತ್ತು ಪುಣೆಯ ಖಾನಾವಳಿಗಳಿಗೆ ಕಳಿಸುತ್ತೇನೆ. ಆದ್ದರಿಂದ ವಿಷಯವನ್ನು ನನ್ನ ಒಲೆಯ ಅಳತೆಗೆ ಚಿಕ್ಕದು ಮಾಡಿಕೊಂಡಿದ್ದೇನೆ. ಒಂದು ಸಣ್ಣ ಕಾಯಕದ ಮನೆ ವರ್ಷಕ್ಕೊಮ್ಮೆ ತನ್ನ ಲೆಕ್ಕವನ್ನು ಹೇಗೆ ನೋಡಿಕೊಳ್ಳಬೇಕು, ಮುಂದಿನ ವರ್ಷವನ್ನು ಹೇಗೆ ಯೋಚಿಸಬೇಕು ಎಂಬಷ್ಟೇ ನನ್ನ ಮಾತು. ನಡುವೆ ನಮ್ಮ ಸಂಸ್ಥೆಗಳಿಗೆ, ಮಠಗಳಿಗೆ ಒಂದು ಬಿನ್ನಹ ಇದೆ. ಅದು ಸ್ವಲ್ಪ ಖಾರ ಆದೀತು. ರೊಟ್ಟಿಯ ಜೊತೆ ಖಾರ ಇರಲೇಬೇಕಲ್ಲ.

ನಮ್ಮ ಕಡೆ ವ್ಯಾಪಾರಸ್ಥರ ಮನೆಗಳಲ್ಲಿ ದೀಪಾವಳಿಗೆ ಹೊಸ ಕಿರ್ದಿ, ಖತಾವಣಿ ತರುವ ರೂಢಿ ಇದೆ. ಪುಸ್ತಕಕ್ಕೆ ಅರಿಷಿಣ ಕುಂಕುಮ ಹಚ್ಚಿ, ಮೊದಲ ಪುಟದಲ್ಲಿ ಶುಭ ಲಾಭ ಬರೆದು, ಮುಹೂರ್ತ ಕೇಳಿ, ಊದಿನಕಡ್ಡಿ ಬೆಳಗುತ್ತಾರೆ. ಆ ಹೊತ್ತಿನಲ್ಲಿ ಹಳೆಯ ಕಿರ್ದಿ ಎಲ್ಲಿರುತ್ತದೆ ಗಮನಿಸಿದ್ದೀರಾ? ಅಟ್ಟದ ಮೇಲೆ ಹೋಗಿ ಕುಳಿತಿರುತ್ತದೆ. ಬರೆಯದ ಪುಸ್ತಕಕ್ಕೆ ಪೂಜೆ, ಬರೆದ ಪುಸ್ತಕಕ್ಕೆ ಇಲಿ! ಇಷ್ಟಲಿಂಗ ಕೈಯಲ್ಲಿ ಹಿಡಿದವರಿಗೆ ಲಕ್ಷ್ಮಿಯ ಫೋಟೋ ಯಾಕೆ ಬೇಕು ಎಂಬ ಪ್ರಶ್ನೆಯನ್ನು ನಮ್ಮ ಬಸವಪರ ಸಂಘಟನೆಗಳು ಕೇಳುತ್ತಲೇ ಬಂದಿವೆ, ಅದು ಸರಿ. ಆದರೆ ಫೋಟೋ ತೆಗೆದುಬಿಟ್ಟರೆ ಕೆಲಸ ಮುಗಿಯಿತೇ? ಪೂಜೆ ಬಿಟ್ಟ ಮನೆಯಲ್ಲಿ ಓದು ಶುರುವಾಗದಿದ್ದರೆ ಬದಲಾದದ್ದು ಗೋಡೆ ಮಾತ್ರ.

ಲೆಕ್ಕ ನೋಡುವುದು ಲೌಕಿಕರ ಕೆಲಸ, ಶರಣರಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಕೆಲವರು ಅಂದುಕೊಂಡಿದ್ದಾರೆ. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದವರು. ಭಂಡಾರವನ್ನೆಲ್ಲ ಜಂಗಮರಿಗೆ ಸುರಿಯುತ್ತಿದ್ದಾರೆ ಎಂಬ ಚಾಡಿ ರಾಜನ ಕಿವಿಗೆ ಬಿದ್ದು, ಭಂಡಾರ ತೆರೆಸಿ ನೋಡಿದಾಗ ಏನೂ ಕಡಿಮೆ ಇರಲಿಲ್ಲ ಎಂಬ ಪ್ರಸಂಗ ಪುರಾಣಗಳಲ್ಲಿ ಬರುತ್ತದೆ. ಪುರಾಣಕಾರರು ಅದಕ್ಕೆ ಪವಾಡದ ಬಣ್ಣ ಬಳಿದಿದ್ದಾರೆ. ಆ ಬಣ್ಣ ತೊಳೆದು ನೋಡಿದರೆ ನನಗೆ ಕಾಣುವುದು, ಯಾವ ದಿನ ಯಾರು ಬಂದು ಕೇಳಿದರೂ ತನ್ನ ಲೆಕ್ಕವನ್ನು ತೆರೆದು ತೋರಿಸಬಲ್ಲ ಒಬ್ಬ ಮನುಷ್ಯ. ನನ್ನ ಪಾಲಿಗೆ ಪವಾಡಕ್ಕಿಂತ ಇದು ದೊಡ್ಡದು.

ಇನ್ನು ಆಯ್ದಕ್ಕಿ ಲಕ್ಕಮ್ಮ. ಕಥೆ ನಿಮಗೆ ಗೊತ್ತು. ಮಾರಯ್ಯನವರು ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವವರು. ಒಂದು ದಿನ ಎಂದಿಗಿಂತ ಹೆಚ್ಚು ತಂದರು. ಲಕ್ಕಮ್ಮ ನೋಡಿದ ಕೂಡಲೇ ಇದು ನಮ್ಮ ದಿನದ ಅಳತೆಯಲ್ಲ ಎಂದು ಗುರುತಿಸಿ, ಹೆಚ್ಚಿನದನ್ನು ಅಲ್ಲೇ ಸುರಿದು ಬರಲು ಹಿಂದಕ್ಕೆ ಕಳಿಸಿದರು. ನಾವು ಈ ಕಥೆಯನ್ನು ನಿರಾಸೆಯ ಕಥೆ, ಅಂದರೆ ಆಸೆ ಇಲ್ಲದಿರುವುದರ ಕಥೆ ಎಂದು ಹೇಳುತ್ತೇವೆ. ಸರಿಯೇ. ಆದರೆ ಇನ್ನೊಂದು ಮಾತು ಅದರಲ್ಲೇ ಇದೆ. ಹೆಚ್ಚಾದದ್ದು ಆಕೆಗೆ ಗೊತ್ತಾಗಬೇಕಾದರೆ ದಿನದ ಅಳತೆ ಎಷ್ಟು ಎಂಬುದು ಮೊದಲು ಗೊತ್ತಿರಬೇಕು. ಎಷ್ಟು ಬೇಕು, ಎಷ್ಟು ಬಂತು, ಎಲ್ಲಿಂದ ಬಂತು, ಈ ಮೂರನ್ನೂ ಕೇಳಿದ ಹೆಣ್ಣುಮಗಳು ಆಕೆ. ಇವತ್ತಿನ ಭಾಷೆಯಲ್ಲಿ ಹೇಳಿದರೆ ಲೆಕ್ಕ ತಪಾಸಣೆ ಮಾಡಿದವರು.

ನಮ್ಮಲ್ಲಿ ವರ್ಷದ ಲೆಕ್ಕಕ್ಕೆ ಎರಡು ಸಲ ಕೂರುತ್ತೇವೆ. ಸರ್ಕಾರದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಆದ್ದರಿಂದ ಏಪ್ರಿಲ್ ಮೊದಲ ವಾರ ಜಮಾ ಖರ್ಚು ಕೂಡಿಸಿ ಬಾಕಿ ಬರೆದಿಡುವುದು. ಅದು ಒಂದು ದಿನದ ಕೆಲಸ. ಆಗ ಹೆಚ್ಚು ಹೊತ್ತು ಕೂರಲು ಆಗುವುದಿಲ್ಲ, ಮದುವೆಗಳ ಕಾಲ, ಒಲೆ ಆರುವುದೇ ಇಲ್ಲ. ಎರಡನೆಯದು, ನಿಜವಾದದ್ದು, ಆಷಾಢದಲ್ಲಿ. ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಜನ ಅಶುಭ ಎಂದು ಬಿಟ್ಟ ತಿಂಗಳು. ಮಳೆಗೆ ರೊಟ್ಟಿ ಮೆತ್ತಗಾಗುತ್ತದೆ, ಬೂಸ್ಟು ಹಿಡಿಯುತ್ತದೆ, ಆರ್ಡರ್ ಅರ್ಧಕ್ಕಿಳಿಯುತ್ತದೆ. ಶರಣರಿಗೆ ಯಾವ ತಿಂಗಳೂ ಅಶುಭವಲ್ಲ. ಊರೆಲ್ಲ ಬೇಡ ಎಂದ ತಿಂಗಳನ್ನು ನಾವು ಯೋಚನೆಗೆ ತೆಗೆದುಕೊಂಡೆವು. ಮುಂದೆ ಶ್ರಾವಣ ಬಂದರೆ ಮಠಗಳಲ್ಲಿ ಪ್ರವಚನ, ದಾಸೋಹ, ಮತ್ತೆ ಕೆಲಸ ಹತ್ತುತ್ತದೆ. ಅಷ್ಟರೊಳಗೆ ನಮ್ಮ ವರ್ಷ ಗೊತ್ತಾಗಿರಬೇಕು.

ಕೂರುವುದು ಹೇಗೆ? ನೆಲದ ಮೇಲೆ ಜಮಖಾನ ಹಾಸಿ, ಎಲ್ಲರೂ. ಕಿರ್ದಿಯನ್ನು ಗಟ್ಟಿಯಾಗಿ ಓದುತ್ತೇವೆ. ಓದು ಬಾರದವರು ನಮ್ಮಲ್ಲಿ ನಾಲ್ವರಿದ್ದಾರೆ. ಅವರಿಗೆ ನೆನಪು ಚೆನ್ನಾಗಿದೆ. ‘ಅಕ್ಕಾರ, ಆ ವಾರ ಗಿರಣಿ ಕೆಟ್ಟಿತ್ತಲ್ರೀ, ಎರಡು ದಿನ ಹಿಟ್ಟs ಬಂದಿರಲಿಲ್ಲ’ ಎಂದು ಅವರು ಹೇಳಿದಾಗ ಪುಸ್ತಕದಲ್ಲಿ ಕಡಿಮೆ ಕಂಡ ಅಂಕಿಗೆ ಕಾರಣ ಸಿಗುತ್ತದೆ.

ಈಗ ಒಂದು ರೊಟ್ಟಿಯ ಲೆಕ್ಕ ಹೇಳುತ್ತೇನೆ. ಬೇಸರ ಮಾಡಿಕೊಳ್ಳಬೇಡಿ, ಇಲ್ಲೇ ಇಡೀ ವಿಷಯ ಇದೆ. ಹೋದ ವರ್ಷ ನಾವು ಸುಮಾರು 3,30,000 ರೊಟ್ಟಿ ಮಾಡಿದೆವು, 7 ರೂಪಾಯಿಯಂತೆ ಕೊಟ್ಟೆವು. ಒಂದು ಕೆ.ಜಿ. ಹಿಟ್ಟಿಗೆ ನಮ್ಮಲ್ಲಿ ಸರಾಸರಿ 18 ರೊಟ್ಟಿ ಬೀಳುತ್ತವೆ. ಜೋಳ ಒಳ್ಳೆಯ ಮಾಲ್ದಂಡಿಯೇ ಬೇಕು, ಹಿಟ್ಟು ಹೊಸದಾಗಿ ಬೀಸಿದ್ದೇ ಬೇಕು, ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ, ಅಂಚು ಬಿರಿಯುತ್ತದೆ. ಜೋಳ, ಗಿರಣಿ ಎಲ್ಲ ಸೇರಿ ಒಂದು ರೊಟ್ಟಿಗೆ 2 ರೂಪಾಯಿ 60 ಪೈಸೆ. ಬಡಿದು ಬೇಯಿಸುವ ಕೂಲಿ 2 ರೂಪಾಯಿ. ಉರುವಲು 60 ಪೈಸೆ. ಪ್ಯಾಕಿಂಗು, ಸಾಗಣೆ 50 ಪೈಸೆ. ಒಟ್ಟು 5 ರೂಪಾಯಿ 70 ಪೈಸೆ. ಉಳಿದದ್ದು 1 ರೂಪಾಯಿ 30 ಪೈಸೆ.

ಬಹಳ ಮಂದಿ ಸಣ್ಣ ವ್ಯಾಪಾರದವರು ಇಲ್ಲಿಗೆ ಲೆಕ್ಕ ನಿಲ್ಲಿಸಿ, ವರ್ಷಕ್ಕೆ ನಾಲ್ಕು ಲಕ್ಷ ಲಾಭ ಎನ್ನುತ್ತಾರೆ. ಮುಂದಕ್ಕೆ ಹೋಗಿ. ಮುರಿದು ಹೋಗುವ ರೊಟ್ಟಿಗೆ 25 ಪೈಸೆ ತೆಗೆಯಬೇಕು. ಕರೆಂಟು, ಹಂಚು, ರಿಪೇರಿಗೆ 20 ಪೈಸೆ. ಮಳೆಗಾಲದ ನಿಧಿ ಎಂದು ನಾವು ಪ್ರತಿ ರೊಟ್ಟಿಗೆ 10 ಪೈಸೆ ಎತ್ತಿಡುತ್ತೇವೆ, ಅದರ ಮಾತು ಆಮೇಲೆ ಬರುತ್ತದೆ. ಉಳಿಯಿತು 75 ಪೈಸೆ. ಈಗ ನನ್ನ ಕೂಲಿ.

ಇಲ್ಲಿ ಕುಳಿತಿರುವ ಹೆಣ್ಣುಮಕ್ಕಳು ಕಿವಿಗೊಡಬೇಕು. ಕಿರಾಣಿ ಅಂಗಡಿ ಇರಲಿ, ಹಿಟ್ಟಿನ ಗಿರಣಿ ಇರಲಿ, ಟೇಲರಿಂಗ್ ಇರಲಿ, ಒಡತಿಯ ದುಡಿಮೆಗೆ ಪುಸ್ತಕದಲ್ಲಿ ಸಾಲೇ ಇರುವುದಿಲ್ಲ. ಮನೆಯವರೇ ಅಲ್ಲವೇ, ಅವಳಿಗೇನು ಕೊಡುವುದು? ಕಾಯಕಕ್ಕೆ ಹೆಣ್ಣು ಗಂಡು ಎಂಬ ಭೇದವಿಲ್ಲ ಎಂದು ಇಲ್ಲಿ ಚಪ್ಪಾಳೆ ತಟ್ಟುತ್ತೇವೆ, ಮನೆಗೆ ಹೋಗಿ ಅವಳ ಕಾಯಕವನ್ನು ಸೊನ್ನೆ ಎಂದು ಬರೆಯುತ್ತೇವೆ. ನಾನು ತಿಂಗಳಿಗೆ 11,000 ರೂಪಾಯಿ ಎಂದು ನನ್ನ ಹೆಸರಿಗೆ ಬರೆದುಕೊಳ್ಳುತ್ತೇನೆ. ಅದು ಒಂದು ರೊಟ್ಟಿಗೆ 40 ಪೈಸೆ ಆಯಿತು. ಹಾಗಾದರೆ ನಿಜವಾದ ಲಾಭ ಉಳಿದದ್ದು 35 ಪೈಸೆ. ವರ್ಷಕ್ಕೆ 1,15,500 ರೂಪಾಯಿ. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ.

ಲೆಕ್ಕ ನೋಡಿದರೆ ಬರೀ ಚಿಂತೆ ಹುಟ್ಟುತ್ತದೆ ಎನ್ನುವವರಿಗೆ ಮುರಿದ ರೊಟ್ಟಿಯ ಸಂಗತಿ ಹೇಳಬೇಕು. ನಾವು ಮುರಿದ ರೊಟ್ಟಿಯನ್ನು ಊರುವಾರು ಬರೆದಿಡುತ್ತೇವೆ. ನಮ್ಮದೇ ಆಟೋದಲ್ಲಿ ಹುಬ್ಬಳ್ಳಿಗೆ ಹೋದದ್ದರಲ್ಲಿ ನೂರಕ್ಕೆ ಎರಡು ಮುರಿದಿದ್ದರೆ, ಬಸ್ಸಿನಲ್ಲಿ ಪುಣೆಗೆ ಹೋದದ್ದರಲ್ಲಿ ನೂರಕ್ಕೆ ಒಂಬತ್ತು. ಬಡಿಯುವವರ ಕೈಯಲ್ಲಿ ದೋಷವಿಲ್ಲ ಎಂಬುದು ಆ ಎರಡು ಅಂಕಿಯಿಂದಲೇ ತಿಳಿಯಿತು. ಇಲ್ಲವಾದರೆ ‘ತೆಳ್ಳಗ ಬಡೀತೀರಿ, ಅದಕ್ಕs ಮುರೀತಾವ’ ಎಂದು ಅವರ ಮೇಲೆ ಹೋಗುತ್ತಿತ್ತು ಮಾತು. ಪ್ಯಾಕಿಂಗ್ ಮಾಡುವ ತಂಗಿ, ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು, ವರ್ಷವೆಲ್ಲ ತುಟಿ ಬಿಚ್ಚದವಳು, ಆ ದಿನ ಹೇಳಿದಳು: ‘ಮಲಗಿದ ರೊಟ್ಟಿ ಮುರಿಯೂದಿಲ್ರೀ ಅಕ್ಕಾರ, ನಿಂತ ರೊಟ್ಟಿ ಮುರೀತಾವ. ಬಸ್ಸಿನ್ಯಾಗ ಡಬ್ಬಿ ಅಡ್ಡ ಇಡ್ತಾರ.’ 25 ರೊಟ್ಟಿಗೆ ಒಂದು ಕಟ್ಟು ಮಾಡಿ, ಕೆಳಗೊಂದು ಮೇಲೊಂದು ರೊಟ್ಟಿಯಷ್ಟೇ ಅಗಲದ ದಪ್ಪ ರಟ್ಟು ಇಟ್ಟು ಬಿಗಿಯಬೇಕು, ಆಗ ಡಬ್ಬಿ ಹೇಗೆ ಇಟ್ಟರೂ ಒಳಗೆ ಅಲುಗಾಡುವುದಿಲ್ಲ ಎಂದಳು. ಈಗ ಪುಣೆಯ ಲೆಕ್ಕ ನೂರಕ್ಕೆ ನಾಲ್ಕಕ್ಕೆ ಇಳಿದಿದೆ. ಅನುಭವ ಮಂಟಪದಲ್ಲಿ ಎಲ್ಲ ಕಾಯಕದವರೂ ಕೂತು ಮಾತನಾಡುತ್ತಿದ್ದರು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆ ಹೆಮ್ಮೆಯ ಒಂದು ಚೂರು ನಮ್ಮ ಗೋದಾಮು, ಅಂಗಡಿ, ಗಿರಣಿಗಳಿಗೆ ಇಳಿಯಬೇಕಾದರೆ, ಪ್ಯಾಕಿಂಗ್ ಮಾಡುವ ಹುಡುಗಿಯ ಮುಂದೆ ಲೆಕ್ಕದ ಪುಸ್ತಕ ತೆರೆಯಬೇಕು. ಲಾಭ ಎಷ್ಟು ಎಂದು ಗೊತ್ತಾದರೆ ಕೂಲಿ ಹೆಚ್ಚು ಕೇಳುತ್ತಾರೆ ಎಂಬ ಭಯ ಯಜಮಾನರಿಗೆ ಇದೆ. ಕೇಳಲಿ. ನಮ್ಮಲ್ಲಿ ರೊಟ್ಟಿಯ ದರ ಏರಿದ ದಿನವೇ ಕೂಲಿಯ ದರವೂ ಏರುತ್ತದೆ ಎಂಬ ನಿಯಮ ಇದೆ, ಅದನ್ನು ಮಾಡಿದ್ದೂ ಜಮಖಾನದ ಮೇಲೆಯೇ.

ಬಿಟ್ಟುಕೊಟ್ಟ ಆರ್ಡರ್‌ಗಳಿಗೂ ನಮ್ಮಲ್ಲಿ ಒಂದು ಪುಟ ಇದೆ. ಯಾರು ಕೇಳಿದರು, ಎಷ್ಟು ಕೇಳಿದರು, ನಾವು ಯಾಕೆ ಒಲ್ಲೆ ಎಂದೆವು. ಹೆಚ್ಚಿನವು ದಿನ ಸಾಲದೆ ಬಿಟ್ಟವು. ಒಂದು ಮಾತ್ರ ಬೇರೆ. ಒಂದು ಮನೆಯವರು ಕಾರ್ಯಕ್ಕೆ 3,000 ರೊಟ್ಟಿ ಕೇಳಿದರು. ದರಕ್ಕೆ ಚೌಕಾಸಿ ಮಾಡಲಿಲ್ಲ. ಒಂದೇ ಶರತ್ತು, ‘ನಮ್ಮವರ ಕೈಲೆ ಮಾಡಿಸ್ರಿ.’ ನಮ್ಮಲ್ಲಿ ಎಲ್ಲ ಓಣಿಯವರೂ ಇದ್ದಾರೆ. ಮುಸಲ್ಮಾನ ತಾಯಂದಿರು ಇಬ್ಬರು, ಕೇರಿಯಿಂದ ಬರುವವರು ಮೂವರು. ಎಸರಿಟ್ಟು ಹಿಟ್ಟು ಕಲಸುವುದರಲ್ಲಿ ಅವರಲ್ಲೊಬ್ಬರನ್ನು ಮೀರಿಸಿದವರು ನಮ್ಮಲ್ಲಿ ಇಲ್ಲ. ಆ ಮಾತು ಹೇಳಿದವರ ಕೊರಳಲ್ಲಿ ಲಿಂಗ ಇತ್ತು, ಶರಣರೇ. ಆರ್ಡರ್ ಬೇಡ ಎಂದೆವು. ನನ್ನ ಲಾಭ ಲೆಕ್ಕ ಹಾಕಿದರೆ 3,000 ರೊಟ್ಟಿಗೆ 35 ಪೈಸೆಯಂತೆ 1,050 ರೂಪಾಯಿ. ಆದರೆ ಕೂಲಿ 6,000 ರೂಪಾಯಿ ಎಲ್ಲರಿಗೂ ತಪ್ಪಿತು. ಆದ್ದರಿಂದ ಆ ನಿರ್ಧಾರವನ್ನು ನಾನೊಬ್ಬಳೇ ಮಾಡಲಿಲ್ಲ, ಎಲ್ಲರನ್ನೂ ಕೇಳಿದೆ. ಒಬ್ಬರೂ ಆ ಕೂಲಿ ಬೇಕು ಎನ್ನಲಿಲ್ಲ. ಆಷಾಢದಲ್ಲಿ ಆ ಪುಟ ಓದುವಾಗ ಅಲ್ಲೊಂದು ನಗು ಎದ್ದಿತು. ‘ಜಾತಿ ಸಾಕಷ್ಟು ಸೋವಿ ಐತಲ್ರೀ, ಸಾವಿರದ ಐವತ್ತಕ್ಕ ಬಿಡಾಕ ಬರ್ತೈತಿ’ ಎಂದವರು ಯಾರು ಎಂದು ಹೇಳುವುದಿಲ್ಲ.

ಇನ್ನು ಉದ್ರಿ ಪುಟ. ಖಾರ ಇಲ್ಲಿದೆ.

ಒಂದು ಸಂಸ್ಥೆ, ಧರ್ಮಕಾರ್ಯಗಳನ್ನು ಮಾಡುವ ಸಂಸ್ಥೆ, ಹೆಸರು ಬೇಡ, ಐದು ದಿನದ ಕಾರ್ಯಕ್ರಮಕ್ಕೆ 8,000 ರೊಟ್ಟಿ ತೆಗೆದುಕೊಂಡಿತು. ಬಿಲ್ಲು 56,000 ರೂಪಾಯಿ. ಕಾರ್ಯಕ್ರಮ ಚೆನ್ನಾಗಿ ನಡೆಯಿತು, ದಾಸೋಹದ ಹೊಗಳಿಕೆ ಪತ್ರಿಕೆಗಳಲ್ಲಿ ಬಂತು. ಬಿಲ್ಲು ಏಳು ತಿಂಗಳು ಬರಲಿಲ್ಲ. ಕೇಳಲು ಹೋದರೆ, ‘ತಾಯಿ, ಇದು ದಾಸೋಹದ ಕೆಲಸ, ಸೇವೆ ಅಂತ ತಿಳಕೊಳ್ರಿ’ ಎಂಬ ಉತ್ತರ. ಅಷ್ಟರಲ್ಲಿ 16,000 ರೂಪಾಯಿ ಕೂಲಿಯನ್ನು ನಾನು ಸ್ತ್ರೀಶಕ್ತಿ ಸಂಘದಿಂದ ನೂರಕ್ಕೆ ಎರಡರಂತೆ ಸಾಲ ತೆಗೆದು ಕೊಟ್ಟಾಗಿತ್ತು. ಏಳು ತಿಂಗಳಿಗೆ ಬಡ್ಡಿ 2,240. ನೆನಪಿಡಿ ಎಂದಿದ್ದೆನಲ್ಲ, ವರ್ಷದ ನಿಜ ಲಾಭ 1,15,500. ಒಂದು ಬಿಲ್ಲಿನಲ್ಲಿ ಹತ್ತಿರ ಹತ್ತಿರ ಅರ್ಧ ವರ್ಷದ ಲಾಭ ಸಿಕ್ಕಿಕೊಂಡಿತ್ತು. ಕೊನೆಗೆ ಹಣ ಬಂತು, ಬಡ್ಡಿ ಬರಲಿಲ್ಲ.

ನನ್ನ ಒಂದು ಬಿಲ್ಲಿನ ದೂರು ಹೇಳಲು ನಾನು ಇಲ್ಲಿ ನಿಂತಿಲ್ಲ. ಹೂವಿನವರು, ಪೆಂಡಾಲಿನವರು, ಪ್ರಿಂಟಿಂಗ್ ಪ್ರೆಸ್ಸಿನವರು, ಅಡುಗೆಯವರು, ಹಾಲಿನವರು, ಇವರಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ. ಮಠಕ್ಕೆ, ಧರ್ಮದ ಸಂಸ್ಥೆಗೆ ಬಿಲ್ಲು ಕೇಳಲು ನಮ್ಮ ನಾಲಗೆ ಏಳುವುದಿಲ್ಲ. ಭಕ್ತಿ ಅಡ್ಡ ಬರುತ್ತದೆ, ಊರಿನ ಮರ್ಯಾದೆ ಅಡ್ಡ ಬರುತ್ತದೆ. ಸೇವೆಯನ್ನು ಕೊಡುವವರು ಕೊಡುವ ಮುಂಚೆ ಹೇಳಬೇಕು. ತೆಗೆದುಕೊಂಡ ಮೇಲೆ ತೆಗೆದುಕೊಂಡವರು ಹೇಳಿದರೆ ಅದು ಸೇವೆಯಲ್ಲ. ಕೊಪ್ಪಳದ ಗವಿಮಠದ ಜಾತ್ರೆಯನ್ನು ನೋಡಿ. ಹಳ್ಳಿ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಕೂಡಿ ಕೂತು ರೊಟ್ಟಿ ಬಡಿದು, ಟ್ರ್ಯಾಕ್ಟರುಗಳಲ್ಲಿ ಮೆರವಣಿಗೆ ಮಾಡಿಕೊಂಡು ತಂದು ಮಹಾದಾಸೋಹಕ್ಕೆ ಒಪ್ಪಿಸುತ್ತಾರೆ, ಲಕ್ಷಗಟ್ಟಲೆ ರೊಟ್ಟಿ. ಅಲ್ಲಿ ಬಿಲ್ಲಿನ ಮಾತೇ ಇಲ್ಲ, ಯಾಕೆಂದರೆ ಕೊಡುವುದು ಎಂದು ತೀರ್ಮಾನ ಮಾಡಿಯೇ ಹಿಟ್ಟಿಗೆ ಕೈ ಹಚ್ಚಿದವರು ಅವರು. ಆ ರೊಟ್ಟಿಗೂ ಬಾಕಿ ಬಿಲ್ಲಿನ ರೊಟ್ಟಿಗೂ ನೋಡಲು ವ್ಯತ್ಯಾಸವಿಲ್ಲ, ಒಂದೇ ಜೋಳ, ಒಂದೇ ಹಂಚು.

ಕಾನೂನು ಏನು ಹೇಳುತ್ತದೆ ಎಂಬುದೂ ತಿಳಿದಿರಲಿ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಕಾಯ್ದೆಯ ಪ್ರಕಾರ, ನಮ್ಮಂಥ ನೋಂದಾಯಿತ ಸಣ್ಣ ಉದ್ದಿಮೆಯಿಂದ ಮಾಲು ತೆಗೆದುಕೊಂಡವರು, ಬರವಣಿಗೆಯ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಒಪ್ಪಂದ ಇದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆ ಕಾಯ್ದೆಯಲ್ಲೂ ಒಂದು ಕಲಮು ಜಾರಿಯಾಗಿದೆ. ವ್ಯಾಪಾರಸ್ಥರು ಇಂಥ ಬಾಕಿಯನ್ನು ಗಡುವಿನೊಳಗೆ ತೀರಿಸದಿದ್ದರೆ, ನಿಜವಾಗಿ ಕೊಡುವ ತನಕ ಅದನ್ನು ಖರ್ಚು ಎಂದು ತೋರಿಸಲು ಬರುವುದಿಲ್ಲ. ಉದ್ಯಮ್ ನೋಂದಣಿಗೆ ಒಂದು ರೂಪಾಯಿಯೂ ಖರ್ಚಿಲ್ಲ, ಮಾಡಿಸದವರು ಮಾಡಿಸಿಕೊಳ್ಳಿ. ಸ್ವಾಮೀಜಿಯವರ ಎದುರು ಕಾಯ್ದೆಯ ಮಾತು ಆಡುವುದು ನನಗೆ ಹಿತವಲ್ಲ. ಆದರೆ ಬಸವಧರ್ಮದವರು ಕಾಯ್ದೆಗಿಂತ ಮುಂದೆ ಇರಬೇಕಲ್ಲವೇ, ಹಿಂದೆ ಅಲ್ಲ.

ಆದ್ದರಿಂದ ಬಿನ್ನಹ ಇಷ್ಟು. ಜಾತ್ರೆ, ಶಿಬಿರ, ಪ್ರವಚನ, ಯಾವುದೇ ಇರಲಿ, ಸಮಿತಿಯವರು ಮೊದಲ ಸಭೆಯಲ್ಲೇ ಯಾವುದು ಸೇವೆ, ಯಾವುದು ಖರೀದಿ ಎಂದು ಎರಡು ಪಟ್ಟಿ ಮಾಡಲಿ. ಖರೀದಿಯ ಬಿಲ್ಲು ಮಂಗಲದ ದಿನವೇ ಮುಗಿಯಲಿ. ದಾನಿಗಳ ಹೆಸರು ಓದುವ ಹಾಗೆ, ಯಾರ ಬಾಕಿಯೂ ಉಳಿದಿಲ್ಲ ಎಂದು ವೇದಿಕೆಯಿಂದ ಓದಲಿ. ಮತ್ತು ವ್ಯಾಪಾರಸ್ಥ ಬಂಧುಗಳಿಗೂ ಒಂದು ಮಾತು. ಕೂಲಿಯವರ ಮೂರು ತಿಂಗಳ ಬಾಕಿ ಇಟ್ಟುಕೊಂಡು ಮಠಕ್ಕೆ ಲಕ್ಷ ರೂಪಾಯಿಯ ಚೆಕ್ಕು ಕೊಟ್ಟು ಫೋಟೋ ತೆಗೆಸಿಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ. ಆ ಲಕ್ಷ ಯಾರದು? ಲಕ್ಕಮ್ಮ ಇದ್ದಿದ್ದರೆ ಎಲ್ಲಿಗೆ ಹೊತ್ತು ಹೋಗಿ ಸುರಿದು ಬಾ ಎನ್ನುತ್ತಿದ್ದರು?

ನಡುವೆ ಒಂದು ಸಣ್ಣ ಮಾತು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎಷ್ಟು ಗಾಬರಿಯಾಯಿತು ನೆನಪಿರಬಹುದು. ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರುವವರಿಗೂ ಬಂದವು. ಕೆಲವರು ಕ್ಯೂಆರ್ ಕೋಡ್ ಹರಿದು ‘ನಗದು ಮಾತ್ರ’ ಎಂದು ಬರೆದರು. ರಾಜ್ಯದೊಳಗೇ ಸರಕು ಮಾರುವವರಿಗೆ ಸಾಮಾನ್ಯವಾಗಿ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿಯ ಪ್ರಶ್ನೆ. ನಮ್ಮ ವಹಿವಾಟು ಎಷ್ಟು ಎಂದು ನಮ್ಮ ಕಿರ್ದಿಯೇ ಹೇಳುತ್ತಿದ್ದರೆ ಬೇರೆಯವರು ಹೇಳುವ ಅಂಕಿಗೆ ಹೆದರುವುದೇಕೆ?

ಈಗ ಮುಂದಿನ ವರ್ಷ. ಹಿಂದಿನದನ್ನು ಓದಿ ಮುಗಿಸಿದ ಮರುದಿನ ಮುಂದಿನದನ್ನು ಯೋಚಿಸಲು ಕೂರುತ್ತೇವೆ, ಅದೇ ದಿನ ಅಲ್ಲ. ಲೆಕ್ಕ ಕೇಳಿ ದಣಿದ ತಲೆಗೆ ಹೊಸದು ಹೊಳೆಯುವುದಿಲ್ಲ. ಗೋಡೆಗೆ ದೊಡ್ಡ ಹಾಳೆ ಅಂಟಿಸಿ 12 ತಿಂಗಳು ಬರೆಯುತ್ತೇವೆ. ಎಳ್ಳ ಅಮವಾಸ್ಯೆ, ಸಂಕ್ರಾಂತಿ, ಫೆಬ್ರವರಿ ಮಾರ್ಚ್‌ನಲ್ಲಿ ಹೊಸ ಜೋಳ ಬರುವುದು, ಬಸವ ಜಯಂತಿ, ಮದುವೆಯ ದಿನಗಳು, ಶ್ರಾವಣ, ಊರೂರ ಜಾತ್ರೆ. ಮೊದಲ ಒಂದು ತಾಸು ಯಾರೂ ‘ಆಗೂದಿಲ್ಲ’ ಎನ್ನಬಾರದು, ನಾನು ಕೊನೆಗೆ ಮಾತನಾಡಬೇಕು. ಇದಕ್ಕೆ ಜ್ಯೋತಿಷಿಯನ್ನೂ ಕರೆಯುವುದಿಲ್ಲ, ಸೂಟು ಹಾಕಿದ ಸಲಹೆಗಾರರನ್ನೂ ಕರೆಯುವುದಿಲ್ಲ.

ಎಲ್ಲ ಯೋಚನೆಯೂ ಫಲ ಕೊಡುವುದಿಲ್ಲ. ಬೆಂಗಳೂರಿಗೆ ಐದೈದು ರೊಟ್ಟಿಯ ಸಣ್ಣ ಪಾಕೀಟು ಮಾಡೋಣ ಎಂದಾಗ ಎಲ್ಲರಿಗೂ ಹಿಡಿಸಿತ್ತು, ಕಾಗದದ ಮೇಲೆ ಲೆಕ್ಕ ಹಾಕಿದರೆ ಪಾಕೀಟಿನ ಖರ್ಚೇ ಲಾಭವನ್ನು ತಿಂದುಹಾಕುತ್ತಿತ್ತು, ಹಾಳೆಯ ಮೇಲೇ ಬಿಟ್ಟೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಸಂಕ್ರಾಂತಿಯ ಮುಂಚಿನ 20 ದಿನ ಮಾತ್ರ ಮಾಡೋಣ ಎಂದದ್ದು ನಿಂತಿತು. ಮುರಿದ ರೊಟ್ಟಿಯನ್ನು ಬೇರೆ ಕಟ್ಟಿ ಅರ್ಧ ದರಕ್ಕೆ ಕೊಡುವುದೂ ನಿಂತಿತು. ಮನೆಯಲ್ಲಿ ನಾವೆಲ್ಲ ನೀರು ಚಿಮುಕಿಸಿ, ಉಳ್ಳಾಗಡ್ಡಿ ಹಾಕಿ ಒಗ್ಗರಣೆ ಕೊಟ್ಟು ತಿನ್ನುವುದೇ ಅಲ್ಲವೇ? ಹಾಸ್ಟೆಲ್ ಹುಡುಗರು ಅದನ್ನು ಕೇಳಿ ಒಯ್ಯುತ್ತಾರೆ.

ದೊಡ್ಡ ಚರ್ಚೆ ಆದದ್ದು ಯಂತ್ರದ್ದು. 2020ರಲ್ಲಿ ಶುರುವಾದ ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಶೇಕಡಾ 35ರಷ್ಟು ಸಹಾಯಧನ ಇತ್ತು, ಕರ್ನಾಟಕ ಸರ್ಕಾರ ತನ್ನ ಪಾಲು ಸೇರಿಸಿ ಅದನ್ನು ಶೇಕಡಾ 50ಕ್ಕೆ, ಗರಿಷ್ಠ 15 ಲಕ್ಷಕ್ಕೆ ಏರಿಸಿತ್ತು. ರೊಟ್ಟಿ ಮಾಡುವ ಯಂತ್ರ ತಂದರೆ ಒಂದು ತಾಸಿಗೆ ನೂರಾರು ರೊಟ್ಟಿ. ಪರಿಚಯದವರೆಲ್ಲ ತೆಗೆದುಕೊಳ್ಳಿ ಎಂದರು. ಯಂತ್ರ ಬಂದರೆ ನಮ್ಮಲ್ಲಿ ಐದಾರು ಜನಕ್ಕೆ ಕೆಲಸ ಇರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಎಲ್ಲರಿಗಿಂತ ಹಿರಿಯ ಅಕ್ಕ ಹೇಳಿದರು: ‘ಬಡಿಯಾಕ ಬ್ಯಾಸರಿಲ್ಲ ಯವ್ವಾ. ಗಿರಾಕಿ ರೊಕ್ಕ ಕೊಡೂದs ನಮ್ಮ ಬಡತಕ್ಕ. ಆದರ ದಿನಾ ಕುದಿ ನೀರಾಗ ಹಿಟ್ಟು ನಾದಿ ನಾದಿ ರೆಟ್ಟಿ ಬಿದ್ದಾವು. ನಾದೂ ಮಷೀನ್ ಇದ್ದರ ನೋಡ್ರಿ.’ ಯಂತ್ರ ಬೇಕೋ ಬೇಡವೋ ಎಂದು ನಾವೆಲ್ಲ ತಲೆ ಕೆಡಿಸಿಕೊಂಡಿದ್ದೆವು, ಯಾವ ಕೆಲಸಕ್ಕೆ ಯಂತ್ರ ಬೇಕು ಎಂದು ಕೇಳಿದವರು ಅವರು. ಹಿಟ್ಟು ನಾದುವ ಯಂತ್ರಕ್ಕೆ ಅರ್ಜಿ ಹಾಕಿದ್ದೇವೆ. ರೊಟ್ಟಿಯ ಯಂತ್ರದ ಮಾತು ಮುಗಿದಿದೆ ಎಂದು ನಾನು ಹೇಳುವುದಿಲ್ಲ. ನಮ್ಮ ಪಕ್ಕದಲ್ಲೇ ಯಂತ್ರದ ರೊಟ್ಟಿ ಐದು ರೂಪಾಯಿಗೆ ಬರತೊಡಗಿದರೆ ಮುಂದಿನ ಆಷಾಢದಲ್ಲಿ ಅದೇ ಜಮಖಾನದ ಮೇಲೆ ಮತ್ತೆ ಕೂರಬೇಕಾಗುತ್ತದೆ.

ಕೊನೆಯದು, ಉಳಿತಾಯದ ಪ್ರಶ್ನೆ. ಹೋದ ಸಲದ ಗೋಷ್ಠಿಯಲ್ಲಿ ಒಬ್ಬ ಹಿರಿಯರು ಕೇಳಿದ್ದರು, ನಾಳೆಗೆ ಎಂದು ಎತ್ತಿಡುವುದು ಶರಣ ಮಾರ್ಗಕ್ಕೆ ವಿರುದ್ಧವಲ್ಲವೇ ಎಂದು. ನಾನು ಬಹಳ ಯೋಚಿಸಿದ ಪ್ರಶ್ನೆ ಇದು. ನಾಳೆಗೆಂದು ನನ್ನ ಪೆಟ್ಟಿಗೆಯಲ್ಲಿ ಕೂಡಿಡುವುದು ಒಂದು. ಮಳೆಗಾಲದಲ್ಲಿ ಕೆಲಸ ಇಲ್ಲದೆ 11 ಮನೆಗಳ ಒಲೆ ಆರಬಾರದು ಎಂದು ಎತ್ತಿಡುವುದು ಇನ್ನೊಂದು. ಪ್ರತಿ ರೊಟ್ಟಿಯ 10 ಪೈಸೆ ವರ್ಷಕ್ಕೆ 33,000 ರೂಪಾಯಿ ಆಗುತ್ತದೆ, ಆಷಾಢದಲ್ಲಿ ತಲೆಗೆ 3,000ದಂತೆ ಅವರವರ ಖಾತೆಗೆ ಹೋಗುತ್ತದೆ. ಅದು ನನ್ನ ದಾನವಲ್ಲ, ಅವರು ಬಡಿದ ರೊಟ್ಟಿಯದೇ ಪಾಲು. ನನ್ನ ಮಟ್ಟಿಗೆ ಇದು ಸಂಗ್ರಹವಲ್ಲ. ಹಿರಿಯರು ಒಪ್ಪದಿದ್ದರೆ ಈಗ ಪ್ರಶ್ನೋತ್ತರದಲ್ಲಿ ಹೇಳಲಿ, ಕೇಳಲು ಬಂದಿದ್ದೇನೆ.

ದಾಸೋಹವನ್ನೂ ನಾವು ಆಷಾಢದಲ್ಲೇ ಬರೆದುಕೊಳ್ಳುತ್ತೇವೆ. ಈ ವರ್ಷ ಜಾತ್ರೆಗೆ ಒಂದು ದಿನದ ಕಾಯಕ, 1,200 ರೊಟ್ಟಿ. ಹಿಟ್ಟು, ಉರುವಲು ನನ್ನ 35 ಪೈಸೆಯೊಳಗಿನಿಂದ, ಕೈ ಅವರದು. ಇಬ್ಬರು ಆ ದಿನದ ಕೂಲಿ ಬಿಡಲು ಆಗುವುದಿಲ್ಲ ಎಂದರು, ಅವರಿಗೆ ಆ ದಿನ ಅಂಗಡಿಯ ರೊಟ್ಟಿ ಬಡಿಯುವ ಕೆಲಸ, ಎಂದಿನ ಕೂಲಿ. ಅವರ ಹೆಸರು ಎಲ್ಲೂ ಬರೆದಿಲ್ಲ. ಸಮಿತಿಯವರಿಗೆ ಚೀಟಿ ಈಗಲೇ ಕೊಟ್ಟಿದ್ದೇನೆ, 1,200 ಸೇವೆ, ಅದಕ್ಕಿಂತ ಹೆಚ್ಚು ಬೇಕಾದರೆ ರೊಟ್ಟಿಗೆ 7 ರೂಪಾಯಿ, ಮಂಗಲದ ದಿನ ಬಿಲ್ಲು.

ಹೋದ ವರ್ಷದ ಕಿರ್ದಿಯನ್ನು ಜೊತೆಗೆ ತಂದಿದ್ದೇನೆ, ಅಗೋ ಹಿಂದಿನ ಮೇಜಿನ ಮೇಲೆ ಇಟ್ಟಿದ್ದೇನೆ. ಪ್ರಸಾದ ಆದ ಮೇಲೆ ಯಾರು ಬೇಕಾದರೂ ತೆರೆದು ನೋಡಬಹುದು. ಮೂಲೆಗಳಿಗೆ ಹಿಟ್ಟು ಹತ್ತಿದೆ, ಸ್ವಲ್ಪ ಜತನದಿಂದ ತಿರುವಿರಿ.